ಮುಂದಿನ ಹಿಡಿ ಹಿಡಿದವಳು

ಫೆಬ್ರವರಿ ೯

ಪ್ರೀತಿಯ ಅಮ್ಮ,

ನಿನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲವಾದ್ದರಿಂದ ಬರೆದೇ ಹೇಳಬೇಕು. ನನ್ನ ಒಪೆರಾವನ್ನು ಇಲ್ಲಿನ ಚಿಕ್ಕ ರಂಗಮಂದಿರದವರು ಒಪ್ಪಿಕೊಂಡಿದ್ದಾರೆ. ಸೆಪ್ಟೆಂಬರಿನಲ್ಲಿ ಮೊದಲ ಪ್ರದರ್ಶನ. ಒಪೆರಾ ಅಂದರೆ ಏನು ಅಂತ ನೀನು ಪ್ರತಿ ಸಲ ಕೇಳುತ್ತೀಯ, ನಾನು ಪ್ರತಿ ಸಲ ಹೇಳುತ್ತೇನೆ: ನಾಟಕವೇ, ಆದರೆ ಮಾತೆಲ್ಲ ಹಾಡು. ನಮ್ಮದು ಸಣ್ಣದು. ಮೂವರು ಗಾಯಕಿಯರು, ನಾಲ್ವರು ಗಾಯಕರು, ಆರು ವಾದ್ಯ, ಇನ್ನೂರು ಕುರ್ಚಿ.

ಹೆಂಗಸರು ಕಾಲಿಡಬಾರದು ಎಂದ ಕಡೆ ಮೊದಲು ಕಾಲಿಟ್ಟ ಮೂವರ ಕಥೆ ಅದು. ಒಬ್ಬಳು ನೂರೈವತ್ತು ವರ್ಷದ ಹಿಂದೆ ಹೆಣ ಕೊಯ್ದು ವೈದ್ಯ ಕಲಿತವಳು. ಜೊತೆಯ ವಿದ್ಯಾರ್ಥಿಗಳು ಕಲ್ಲು ಹೊಡೆದು ಅವಳ ದವಡೆ ಮುರಿದರು. ಇನ್ನೊಬ್ಬಳು ಸ್ವಂತ ಪತ್ರಿಕೆ ಅಚ್ಚು ಹಾಕಿದವಳು. ಅವಳು ಒಳಗಿದ್ದಾಗಲೇ ಹೊರಗಿನಿಂದ ಚಿಲಕ ಹಾಕಿ ಮುದ್ರಣಾಲಯಕ್ಕೆ ಬೆಂಕಿ ಇಟ್ಟರು. ಮೂರನೆಯವಳು ನೀನು.

ಬೈಯಬೇಡ. ನಮ್ಮೂರಿನ ಎರಕದ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣ ಹೊತ್ತ ಮೊದಲ ಹೆಂಗಸು ನೀನು ತಾನೆ? ನಿನ್ನ ಬಲಗೈಯ ಸುಟ್ಟ ಅಂಗೈ ನೋಡುತ್ತಲೇ ಬೆಳೆದವಳು ನಾನು. “ಅಲ್ಲಿನ ಗಂಡಸರು ಮಾಡಿದ್ದು” ಅಂತ ಅಪ್ಪ ಒಮ್ಮೆ ಹೇಳಿದ್ದು ಬಿಟ್ಟರೆ ನನಗೇನೂ ಗೊತ್ತಿಲ್ಲ. ನೀನಂತೂ ಬಾಯಿ ಬಿಡಲಿಲ್ಲ. ಹಾಗಾಗಿ ಊಹಿಸಿ ಬರೆದಿದ್ದೇನೆ: ನಾಲ್ವರು ನಿನ್ನನ್ನು ಹಿಡಿದು ಕೆಂಪಗೆ ಕಾದ ಕಬ್ಬಿಣವನ್ನು ಅಂಗೈಗೆ ಒತ್ತುತ್ತಾರೆ. ಆಗ ನೀನು ನನ್ನ ತೊಟ್ಟಿಲು ತೂಗುತ್ತಾ ಹಾಡುತ್ತಿದ್ದ ಕೂಗು ಚೆಲ್ಲೊ ಅನ್ನುವ ದೊಡ್ಡ ಪಿಟೀಲಿನಲ್ಲಿ ಏಳುತ್ತದೆ: ಎತ್ತು, ನಡೆ, ಬಗ್ಗಿಸು, ನಿಲ್ಲು. ಇಡೀ ಒಪೆರಾಕ್ಕೆ ಅದೇ ಬೆನ್ನೆಲುಬು. ತಪ್ಪಿದ್ದರೆ ತಿದ್ದು. ಮೊದಲ ಸಾಲಿನಲ್ಲಿ ನಿನಗೊಂದು ಕುರ್ಚಿ ಇಟ್ಟಿರುತ್ತೇನೆ.

ನಿನ್ನ
ಗುಬ್ಬಿ


ಫೆಬ್ರವರಿ ೨೬

ಗುಬ್ಬಿ,

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಕೇಳಿದ್ದೆ. ಹೆಗ್ಗಣಕ್ಕೆ ಹೆತ್ತವಳು ಇಷ್ಟು ಮುದ್ದಾಗಿದ್ದು ಇದೇ ಮೊದಲು. ಆ ವೈದ್ಯೆ, ಆ ಪತ್ರಿಕೆಯವಳು, ಅವರ ಸಾಲಿನಲ್ಲಿ ನನ್ನನ್ನು ಯಾಕೆ ನಿಲ್ಲಿಸುತ್ತೀಯ? ನಾನು ಕೂಲಿ ಮಾಡಿದವಳು.

ಕೇಳಿದ್ದೀಯ ಅಂತ ಒಂದಿಷ್ಟು ಹೇಳುತ್ತೇನೆ, ಬೇಕಾದರೆ ಹಾಕಿಕೋ. ಕರಗಿದ ಕಬ್ಬಿಣ ಒದ್ದೆ ಮರಳಿಗೆ ಬಿದ್ದರೆ ಬಾಂಬಿನ ಹಾಗೆ ಸಿಡಿಯುತ್ತದೆ. ಅದಕ್ಕೇ ನಾವು ಸುರಿಯಬೇಕಾದ ಮರಳಿನ ಅಚ್ಚುಗಳಿಗೆ ಕದ್ದು ನೀರು ಚಿಮುಕಿಸುತ್ತಿದ್ದರು. ಒಂದು ಹನಿ ನನ್ನ ಹುಬ್ಬಿಗೆ ಬಿತ್ತು. ಅಲ್ಲಿ ಇವತ್ತಿಗೂ ಕೂದಲು ಬಂದಿಲ್ಲ. ಊಟದ ಡಬ್ಬಿಯೊಳಗೆ ಬಿಸಿ ಕಿಟ್ಟದ ಚೂರು ಹಾಕುತ್ತಿದ್ದರು. ಒಬ್ಬ ನೀರಿನ ತಂಬಿಗೆಗೆ ಉಚ್ಚೆ ಹೊಯ್ದ. ನಾನು ಅದೇ ತಂಬಿಗೆ ಎತ್ತಿ ಅವನ ಬಾಯಿಗೆ ಬಡಿದೆ. ಎರಡು ಹಲ್ಲು ಮರಳಿನ ಮೇಲೆ ಬಿದ್ದವು. ಅವನು ಹುಡುಕಿಕೊಂಡು ಜೇಬಿಗೆ ಹಾಕಿಕೊಂಡ, ಮತ್ತೆ ಅಂಟಿಸಿಕೊಳ್ಳುತ್ತಾನೋ ಏನೋ ಅನ್ನುವವನ ಹಾಗೆ. ಇದನ್ನು ಹಾಡಿಸು, ಜನ ನಗುತ್ತಾರೆ.

ಅಂಗೈಯ ದೃಶ್ಯ ಮಾತ್ರ ಬೇಡ. ಯಾರೂ ಹಿಡಿಯಲಿಲ್ಲ, ಯಾರೂ ಒತ್ತಲಿಲ್ಲ. ಆ ಕೂಗೂ ಬೇಡ. ಅದು ಹಾಡಲ್ಲ. ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ


ಮಾರ್ಚ್ ೨೮

ಪ್ರೀತಿಯ ಅಮ್ಮ,

ಬೇಡ ಅಂದರೆ ಮಾಡುವವಳು ನಾನು, ಅದು ನಿನ್ನಿಂದಲೇ ಬಂದ ಗುಣ. ಅಂಗೈಯ ದೃಶ್ಯದ ತಾಲೀಮು ಶುರುವಾಗಿದೆ. ಗಾಯಕರು ಹಿಡಿಯುವುದು ನಾಟಕದ ಹಾಗೆ ಕಾಣುತ್ತಿತ್ತು. “ಇನ್ನೂ ಬಿಗಿಯಾಗಿ ಹಿಡೀರಿ, ಅವಳು ನಿಮ್ಮ ಅನ್ನ ಕಿತ್ಕೊಳ್ಳೋಕೆ ಬಂದಿದ್ದಾಳೆ” ಅಂತ ಕಿರುಚಿದೆ. ಅವರು ಹಿಡಿದರು. ನಿನ್ನ ಪಾತ್ರದವಳ ಮಣಿಕಟ್ಟು ಲಟಕ್ಕೆಂದಿತು. ಪಟ್ಟಿ ಕಟ್ಟಿಸಿಕೊಂಡು ಬಂದು ಮತ್ತೆ ಹಾಡಿದಳು. ನನಗೆ ನಾಚಿಕೆಯಾಯಿತು, ಆದರೆ ದೃಶ್ಯ ಚೆನ್ನಾಗಿ ಬಂತು ಅಂತಲೂ ಅನ್ನಿಸಿತು. ಎರಡನ್ನೂ ನಿನಗೇ ಹೇಳುತ್ತಿದ್ದೇನೆ.

ಇನ್ನೊಂದು ಆಯಿತು. ರಂಗಮಂದಿರದ ಬಾಗಿಲು ಕಾಯುವ ಮುದುಕ ನಿನ್ನ ಎರಕದ ಕಾರ್ಖಾನೆಯಲ್ಲೇ ಇದ್ದವನಂತೆ. ಮೇಲಿನ ಸಾಲಿನ ಎರಡು ಹಲ್ಲಿಲ್ಲ! ನಾವು ಕೂಗನ್ನು ಹಾಡುತ್ತಿದ್ದಾಗ ಒಳಗೆ ಬಂದು ಕೈ ಅಡ್ಡ ಹಿಡಿದ.

“ಯಾರಮ್ಮ ಇದನ್ನ ಹೇಳಿಕೊಟ್ಟಿದ್ದು? ಹೀಗೆ ಕೂಗಿದ್ರೆ ಮುಂದಿರೋರ ಕಾಲು ಉಳಿಯುತ್ತಾ?”

“ನಮ್ಮಮ್ಮ. ಹೊತ್ತವಳು ಅವಳೇ,” ಅಂದೆ.

“ಮೊದಲು ನಿಲ್ಲು, ಆಮೇಲೆ ಬಗ್ಗಿಸು. ನಡೀತಾ ಇರೋವಾಗ ಬಗ್ಗಿಸ್ತಾರೇನಮ್ಮಾ?” ಅಂದವನು ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. “ಓ, ಅವಳ ಮಗಳಾ ನೀನು? ಹಾಗಾದ್ರೆ ಈ ಕಥೇಲಿ ಗಿಡ್ಡಿ ಎಲ್ಲಿ?”

ಗಿಡ್ಡಿ ಯಾರಮ್ಮ? ನೀನು ತೊಟ್ಟಿಲ ಹತ್ತಿರ ತಪ್ಪಾಗಿ ಯಾಕೆ ಹಾಡುತ್ತಿದ್ದೆ?

ನಿನ್ನ
ಗುಬ್ಬಿ


ಏಪ್ರಿಲ್ ೪

ಗುಬ್ಬಿ,

ಆ ಮುದುಕನಿಗೆ ಅರುಳುಮರುಳು. ಹಲ್ಲಿನ ಸೇಡು ತೀರಿಸಿಕೊಳ್ಳುತ್ತಿದ್ದಾನೆ. ಮಗುವಿಗೆ ಹಾಡುವಾಗ ಕ್ರಮ ಯಾರು ನೋಡುತ್ತಾರೆ? ಇಲ್ಲಿ ನೀರಿನ ಕೊಳಾಯಿ ಕೆಟ್ಟಿದೆ, ಅದರ ಓಡಾಟವೇ ಸಾಕಾಗಿದೆ.

ಅಮ್ಮ


ಏಪ್ರಿಲ್ ೧೧

ಅಮ್ಮ,

ಕೊಳಾಯಿ ವಿಷಯ ಬೇಡ. ಮುದುಕ ಹೇಳುತ್ತಾನೆ, ಮೊದಲ ಹೆಂಗಸು ಗಿಡ್ಡಿ, ನೀನು ಎರಡನೆಯವಳು ಅಂತ. ಮಿಕ್ಕಿದ್ದನ್ನು ನಿನ್ನ ಬಾಯಿಂದಲೇ ಕೇಳು ಅಂತಾನೆ. ಕೇಳುತ್ತಿದ್ದೇನೆ.

ಗುಬ್ಬಿ


ಮೇ ೬

ಗುಬ್ಬಿ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ಬಂದ ದಿನದಿಂದ ನಾನು ಅಂಗೈ ನೋಡಿಕೊಳ್ಳುತ್ತಾ ಕೂತಿದ್ದೇನೆ.

ಗಿಡ್ಡಿ ನನಗಿಂತ ಐದು ತಿಂಗಳು ಮೊದಲು ಸೇರಿದಳು. ನನಗೆ ಹೊರುವುದು ಹೇಳಿಕೊಟ್ಟವಳೇ ಅವಳು. ಎತ್ತರ ನನ್ನ ಭುಜಕ್ಕೆ ಬರುತ್ತಿತ್ತು, ಬಾಯಿ ಮಾತ್ರ ಕುಲುಮೆಯ ಬಾಯಿ. ನಾನು ತಂಬಿಗೆಯಿಂದ ಹಲ್ಲು ಉದುರಿಸಿದ ದಿನ ನನ್ನ ಬೆನ್ನಿಗೆ ನಿಂತವಳು ಅವಳೊಬ್ಬಳೇ, ಕೈಯಲ್ಲಿ ಸಲಾಕೆ ಹಿಡಿದುಕೊಂಡು.

ಕೆಲಸ ಹೇಗೆ ಅಂತ ಹೇಳುತ್ತೇನೆ. ಕರಗಿದ ಕಬ್ಬಿಣದ ಬಕೆಟ್ಟು ನಡುವೆ. ಮುಂದೆ ಒಬ್ಬರು, ಹಿಂದೆ ಒಬ್ಬರು. ಮುಂದಿನ ಹಿಡಿ ಒಂಟಿ ಕೋಲು. ಹಿಂದಿನ ಹಿಡಿ ಕವಲಿನದು, ಬಕೆಟ್ಟನ್ನು ಬಗ್ಗಿಸುವುದು ಅದರಿಂದಲೇ. ಹಿಂದಿನವರು ಕೂಗಬೇಕು, ಮುಂದಿನವರು ಕೂಗಿದ ಹಾಗೆ ಮಾಡಬೇಕು. ಎತ್ತು, ನಡೆ, ನಿಲ್ಲು, ಬಗ್ಗಿಸು. ಮುಂದಿನವರು ತಿರುಗಿ ನೋಡುವ ಹಾಗಿಲ್ಲ. ತಿರುಗಿದರೆ ಬಕೆಟ್ಟು ತುಳುಕುತ್ತದೆ. ಹಿಂದಿರುವವರನ್ನು ನಂಬಿ ನಡೆಯುವುದೇ ಮುಂದಿನ ಹಿಡಿಯ ಕೆಲಸ.

ಆ ಬೇಸಿಗೆಯಲ್ಲಿ ಮೇಸ್ತ್ರಿ ಎಲ್ಲರೆದುರು ಹೇಳಿದ: “ಒಬ್ಬಳನ್ನ ಖಾಯಂ ಮಾಡ್ತೀನಿ. ಇಬ್ಬರನ್ನಲ್ಲ. ಯಾರು ಅಂತ ನೀವಿಬ್ಬರೇ ತೀರ್ಮಾನ ಮಾಡ್ಕೊಳ್ಳಿ.” ಗಂಡಸರು ನಕ್ಕರು. ಅವತ್ತಿನಿಂದ ಅಚ್ಚಿಗೆ ನೀರು ಹಾಕುವುದು ನಿಂತಿತು, ಡಬ್ಬಿಗೆ ಕಿಟ್ಟ ಹಾಕುವುದು ನಿಂತಿತು. ಕಾಳಗಕ್ಕೆ ಕೋಳಿಗಳನ್ನು ಬಿಟ್ಟು ಸುತ್ತ ಕೂತವರ ಹಾಗೆ ನೋಡುತ್ತಿದ್ದರು. ಗಿಡ್ಡಿ, “ಚೀಟಿ ಎತ್ತೋಣ ಕಣೇ, ಯಾರಿಗೆ ಬಂದ್ರೂ ಇನ್ನೊಬ್ಬಳು ಬೈಯಬಾರದು” ಅಂದಳು. ಸೋಮವಾರ ಎತ್ತೋಣ ಅಂದೆ. ಚೀಟಿ ಅವಳಿಗೆ ಬಂದರೆ ಅನ್ನುವ ಹೆದರಿಕೆಯಲ್ಲಿ ಎರಡು ದಿನ ಕಳೆದೆ. ನನಗೆ ಆ ಕೆಲಸ ಬೇಕಿತ್ತು. ಮನೆಯಲ್ಲಿ ಕಷ್ಟ ಇತ್ತು ಅಂತೆಲ್ಲ ಹೇಳಬಹುದು, ಹೇಳುವುದಿಲ್ಲ. ಅವಳಿಗಿಂತ ಜಾಸ್ತಿ ನನಗೆ ಬೇಕಿತ್ತು, ಅಷ್ಟೇ.

ಎರಕದವರ ಬೂಟಿಗೆ ಲೇಸು ಇರುವುದಿಲ್ಲ. ಒಳಗೆ ಕಬ್ಬಿಣ ಬಿದ್ದರೆ ಒಂದೇ ಒದೆತಕ್ಕೆ ಕಾಲಿನಿಂದ ಹಾರಿಸಬೇಕು. ಗಿಡ್ಡಿಯ ಪಾದಕ್ಕೆ ಅಂಥ ಬೂಟು ಉಗ್ರಾಣದಲ್ಲಿ ಇರಲಿಲ್ಲ. ಕೇಳಿದರೆ ಮಕ್ಕಳ ಅಂಗಡಿಗೆ ಹೋಗು ಅಂದರು. ಲೇಸು ಕಟ್ಟುವ ಬೂಟು ಹಾಕಿಕೊಂಡೇ ಬರುತ್ತಿದ್ದಳು. ಅದು ನನಗೆ ಗೊತ್ತಿತ್ತು.

ಸೋಮವಾರ ಬೆಳಗ್ಗೆ, ಒಂಬತ್ತನೆಯ ಅಚ್ಚು. ಮುಂದೆ ಅವಳು, ಹಿಂದೆ ನಾನು. ಎತ್ತು ಅಂದೆ. ನಡೆ ಅಂದೆ. ಅಂಗಿ ಬೆವರಿಗೆ ಅಂಟಿಕೊಂಡು ಅವಳ ಬೆನ್ನುಮೂಳೆ ಒಂದೊಂದೂ ಕಾಣುತ್ತಿತ್ತು. ನಿಲ್ಲು ಅನ್ನಬೇಕಾದ ಜಾಗ ಬಂತು. ಬಗ್ಗಿಸು ಅಂದೆ, ಬಗ್ಗಿಸಿದೆ. ಅವಳ ಎಡಗಾಲು ಇನ್ನೂ ಹೆಜ್ಜೆಯಲ್ಲಿತ್ತು. ಕಬ್ಬಿಣ ಅವಳ ಮೀನಖಂಡದ ಮೇಲೆ ಹರಿದು ಬೂಟಿನೊಳಗೆ ಇಳಿಯಿತು. ಆಮೇಲೆ ಕೂಗಿದೆ, ನಿಲ್ಲು ಅಂತ.

ಅವಳು ಬಿದ್ದಳು. ಒದ್ದಳು, ಬೂಟು ಬರಲಿಲ್ಲ. ನಾನು ಲೇಸಿನ ಗಂಟಿಗೆ ಕೈ ಹಾಕಿದೆ. ಬೂಟಿನ ತೊಗಲು ಹತ್ತಿ ಉರಿಯುತ್ತಿತ್ತು. ಅಂಗೈ ಅಂಟಿಕೊಂಡಿತು, ಕಿತ್ತಾಗ ಚರ್ಮ ಅಲ್ಲೇ ಉಳಿಯಿತು. ಕೊನೆಗೆ ಬೂಟು ಬಂತು. ಅದರ ಜೊತೆ ಬರಬಾರದ್ದೂ ಬಂತು. ಆ ವಾಸನೆಯನ್ನು ಬರೆಯಲಾರೆ. ಮೊಣಕಾಲಿನ ಕೆಳಗೆ ಕತ್ತರಿಸಿದರು ಅಂತ ಆಮೇಲೆ ಕೇಳಿದೆ.

ಬೇಕಂತಲೇ ಮಾಡಿದೆಯಾ ಅಂತ ಕೇಳುತ್ತೀಯ. ಹೌದು. ನಾಲ್ಕು ಹನಿ ಬೀಳಲಿ, ಹೆದರಿ ಬಿಟ್ಟುಹೋಗಲಿ ಅಂದುಕೊಂಡೆ. ಕಾದ ಕಬ್ಬಿಣ ನಾಲ್ಕೇ ಹನಿಗೆ ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೂಗು ತಪ್ಪಿತು, ಅಪಘಾತ ಅಂತ ಮೇಸ್ತ್ರಿ ಬರೆದುಕೊಂಡ. ಸುತ್ತ ನಿಂತವರಿಗೆಲ್ಲ ಗೊತ್ತಾಯಿತು. ಅವತ್ತಿನಿಂದ ನನ್ನನ್ನು ಯಾರೂ ಮುಟ್ಟಲಿಲ್ಲ. ಇವಳು ನಮ್ಮವಳು ಅಂತ ಒಪ್ಪಿಕೊಂಡರು. ಅಂಗೈ ನೋಡಿ ನಿಮ್ಮಪ್ಪ ತಾನೇ ಏನೋ ಊಹಿಸಿದರು, ನಾನು ಸುಮ್ಮನಿದ್ದೆ.

ಆಮೇಲೆ ಇಪ್ಪತ್ತಾರು ವರ್ಷ ಹೊತ್ತೆ. ಎರಕದ ಅಂಗಳದಲ್ಲಿ ಒಂದು ದಿನವೂ ತಪ್ಪು ಕೂಗಲಿಲ್ಲ. ನಿನ್ನ ತೊಟ್ಟಿಲು ತೂಗುವಾಗ ಮಾತ್ರ ಅದು ಅವತ್ತಿನ ಕ್ರಮದಲ್ಲೇ ಬಾಯಿಗೆ ಬರುತ್ತಿತ್ತು.

ಅಮ್ಮ


ಜೂನ್ ೧೫

ಅಮ್ಮನಿಗೆ,

ಐದು ಸಲ ಬರೆದು ಹರಿದೆ. ನಿನ್ನ ಕಾಗದ ಓದಿದ ದಿನ ಪಿಯಾನೋದ ಮುಚ್ಚಳವನ್ನು ಬಡಿದ ಹೊಡೆತಕ್ಕೆ ಅದರ ಕೀಲು ಕಿತ್ತುಬಂತು. ನಾಲ್ಕು ಜನ ಗಂಡಸರಿಗೆ ‘ಹಿಡೀರಿ, ಒತ್ತಿರಿ’ ಅಂತ ಕಲಿಸಿ ಒಬ್ಬಳ ಮಣಿಕಟ್ಟು ಮುರಿಯುವ ಹಾಗೆ ಮಾಡಿದೆನಲ್ಲ, ಯಾವುದಕ್ಕೆ? ಯಾವ ಗಂಡಸೂ ಮಾಡದ ಗಾಯಕ್ಕೆ. ತೊಟ್ಟಿಲಲ್ಲಿ ನಾನು ನಿದ್ದೆ ಹೋಗಿದ್ದು ಒಬ್ಬಳ ಕಾಲು ಸುಟ್ಟ ಕೂಗಿಗೆ.

ನಿನ್ನ ದೃಶ್ಯ ತೆಗೆದುಹಾಕಿದ್ದೇನೆ. ಇಬ್ಬರ ಕಥೆ ಸಾಕು. ಸೆಪ್ಟೆಂಬರಿಗೆ ನೀನು ಬರುವುದು ಬೇಡ.

ಗುಬ್ಬಿ


ಜೂನ್ ೨೨

ಗುಬ್ಬಿ,

ನನ್ನನ್ನು ಬರಬೇಡ ಅಂದೆ, ಒಳ್ಳೆಯದು. ದೃಶ್ಯ ತೆಗೆಯಬೇಡ. ನಾನು ಒಂದು ಸಲ ಅವಳ ಕಾಲು ತೆಗೆದೆ. ಮೊದಲಿನವಳು ಅಂತ ಊರು ನನ್ನನ್ನು ಕರೆದಾಗ ಸುಮ್ಮನಿದ್ದು ಅವಳನ್ನೇ ತೆಗೆದೆ. ಈಗ ನೀನೂ ತೆಗೆದರೆ ಅವಳು ಆ ಅಂಗಳದಲ್ಲಿ ಇರಲೇ ಇಲ್ಲ ಅಂತ ಆಗುತ್ತದೆ. ಗಂಡಸರ ಮೇಲೆ ಹೊರಿಸಿದ್ದನ್ನು ಇಳಿಸು. ಅವರು ಮಾಡಿದ್ದು ಬೇರೆ ಬೇಕಾದಷ್ಟಿದೆ, ಅದು ಇರಲಿ. ಇದನ್ನು ಮಾಡಿದವಳು ನಾನು. ನಾನು ಹೇಗಿದ್ದೆನೋ ಹಾಗೇ ನಿಲ್ಲಿಸು. ನನ್ನ ಮುಖ ನೋಡಬೇಡ.

ಅವಳು ಬದುಕಿದ್ದಾಳೆ. ಹಳೇ ಸೇತುವೆ ದಾಟಿದರೆ ಬಲಕ್ಕೆ ಹೊಲಿಗೆ ಅಂಗಡಿ. ಒಂದೇ ಕಾಲಿನಲ್ಲಿ ಮಷೀನು ತುಳಿಯುತ್ತಾಳೆ. ಇಷ್ಟು ವರ್ಷದಲ್ಲಿ ಏಳು ಸಲ ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದ್ದೇನೆ. ರಸ್ತೆ ದಾಟಲಿಲ್ಲ. ನೀನು ದಾಟು.

ಅಮ್ಮ


ಆಗಸ್ಟ್ ೧೧

‘ಪ್ರೀತಿಯ’ ಅಂತ ಶುರು ಮಾಡಲು ಕೈ ಬರಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ನಿನ್ನ ಮಗಳು ಬಂದಿದ್ದಳು. ಅಂಗಡಿ ಬಾಗಿಲಲ್ಲೇ ಅತ್ತಳು. ಅಳುವುದಾದರೆ ಹೊರಗೆ, ಬಟ್ಟೆ ಒದ್ದೆಯಾಗುತ್ತದೆ ಅಂದೆ. ಆಮೇಲೆ ಕೂರಿಸಿ ಟೀ ಕೊಟ್ಟೆ. ನಿನ್ನ ಮೂಗು, ಬುದ್ಧಿ ಯಾರದೋ ಪುಣ್ಯಾತ್ಮರದು.

ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದ ಕೋತಿ ನೀನು. ಅಪಘಾತವಲ್ಲ ಅಂತ ಬಿದ್ದ ಗಳಿಗೆಯಲ್ಲೇ ನನಗೆ ತಿಳಿಯಿತು. ನಿನ್ನ ‘ನಿಲ್ಲು’ ತಡವಾಗಿ ಬಂದದ್ದರಿಂದಲ್ಲ. ‘ಬಗ್ಗಿಸು’ ಅಂದಾಗ ನಿನ್ನ ದನಿ ಅಷ್ಟು ತಣ್ಣಗಿತ್ತಲ್ಲ, ಅದರಿಂದ. ಏಳು ಸಲ ಎದುರಿಗೆ ನಿಂತೆಯಂತೆ. ಒಂಬತ್ತು ಸಲ. ಅಂಗಡಿಯಲ್ಲಿ ಕನ್ನಡಿ ಇದೆ ಕಣೇ, ಹಿಂದಿನದು ಕಾಣದೆ ನಾನು ಎಲ್ಲಿಯೂ ಕೂರುವುದಿಲ್ಲ.

ಮಗಳು ತನ್ನ ಹಾಡನ್ನು ಹಾಡಿ ತೋರಿಸಿದಳು. ಅದರಲ್ಲಿ ನಾನು ಬಿದ್ದು ‘ಅಮ್ಮಾ’ ಅಂತ ಕೂಗುತ್ತೇನಂತೆ. ಥೂ! ನಾನು ಅಮ್ಮಾ ಅನ್ನಲಿಲ್ಲ. ನಾನು ಏನಂದೆ ಅಂತ ನಿನಗೆ ಗೊತ್ತು. ‘ನಿನ್ನ ಕೈಗೆ ಹುಳ ಬೀಳಲಿ. ನಿನಗೆ ನಿದ್ದೆ ಅನ್ನುವುದು ಹತ್ತದಿರಲಿ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ನಾಲ್ಕು ಜನರ ಮುಂದೆ ನಿನ್ನ ಮುಖಕ್ಕೆ ಉಗಿಯಲಿ.’ ಇದನ್ನು ಒಂದಕ್ಷರ ಬಿಡದೆ ಹಾಡಿಸು ಅಂದಿದ್ದೇನೆ. ಬರೆದುಕೊಂಡಳು ಪಾಪ. ಶಾಪ ಫಲಿಸಲು ಮೂವತ್ತೆಂಟು ವರ್ಷ ಬೇಕಾಯಿತು, ನನ್ನ ನಾಲಿಗೆಗೆ ಅಷ್ಟೇ ಶಕ್ತಿ.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ. ಆಟಕ್ಕೆ ಬರುತ್ತೇನೆ. ನೀನೂ ಬರಬೇಕು, ನನಗಾಗಿ. ಮುಂದಿನ ಕುರ್ಚಿಯಲ್ಲಿ ನೀನು ಕೂರು, ನಿನ್ನ ಹಿಂದೆ ನಾನು. ನಿಯಮ ನಿನಗೆ ಗೊತ್ತಿದೆ. ತಿರುಗಿ ನೋಡಬೇಡ.

ಗಿಡ್ಡಿ


ಆಗಸ್ಟ್ ೩೦

ಅಮ್ಮ,

ಎರಡು ಟಿಕೆಟಿನಲ್ಲಿ ಒಂದು ಇದರ ಜೊತೆ ಇದೆ, ಭಾನುವಾರ ಮಧ್ಯಾಹ್ನದ ಆಟ. ಮೂರನೆಯ ಸಾಲು. ನಾಲ್ಕನೆಯ ಸಾಲಿನದು ಸೇತುವೆ ಆಚೆ ಹೋಗಿದೆ. “ಮೊದಲಿಗರ ಸಾಹಸ ಹೇಳೋ ಕಥೇಲಿ ಹೆಂಗಸೇ ಹೆಂಗಸನ್ನ ಸುಡೋದು ಯಾಕೆ, ಜನ ಒಪ್ಪಲ್ಲ” ಅಂತ ರಂಗಮಂದಿರದವರು ಹಟ ಹಿಡಿದರು. ಹಾಗಾದರೆ ಮೂರೂ ದೃಶ್ಯ ವಾಪಸ್ಸು ತೆಗೆದುಕೊಂಡು ಹೋಗುತ್ತೇನೆ ಅಂದೆ. ಒಪ್ಪಿಕೊಂಡರು. ನಿನ್ನ ಪಾತ್ರದವಳ ಕೈಗೆ ಈಗ ಹಿಂದಿನ ಹಿಡಿ ಕೊಟ್ಟಿದ್ದೇನೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಬಾ.

ಗುಬ್ಬಿ


ಸೆಪ್ಟೆಂಬರ್ ೧೭

ಗುಬ್ಬಿ,

ನಿನಗೆ ಮುಖ ತೋರಿಸದೆ ಹೊರಟುಬಂದೆ. ನೀನು ವಾದ್ಯದವರ ಮುಂದೆ ನಿಂತಿದ್ದೆ, ನಿನ್ನ ಬೆನ್ನೇ ನನಗೆ ಕಾಣುತ್ತಿದ್ದುದು. ನಡೆದದ್ದನ್ನು ಹೇಳಿಬಿಡುತ್ತೇನೆ.

ನಾನು ಮೊದಲೇ ಹೋಗಿ ಕೂತೆ. ಬಾಗಿಲ ಮುದುಕ ಟಿಕೆಟ್ ಹರಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಳಗೆ ಬಿಟ್ಟ. ಗಿಡ್ಡಿ ಬಂದದ್ದು ನನ್ನ ಕಿವಿಗಲ್ಲ, ಪಾದಕ್ಕೆ ಗೊತ್ತಾಯಿತು. ಹಲಗೆಯ ನೆಲದಲ್ಲಿ ಊರುಗೋಲು ಒಂದೊಂದಾಗಿ ಹತ್ತಿರ ಬಂದು ನನ್ನ ಹಿಂದೆ ನಿಂತಿತು. ಹಿಂದಿನ ಕುರ್ಚಿ ನನ್ನ ಕುರ್ಚಿಯ ಬೆನ್ನಿಗೆ ತಾಗಿತು. ನಾನು ತಿರುಗಲಿಲ್ಲ.

ವೈದ್ಯೆಯ ದವಡೆಗೆ ಕಲ್ಲು ಬಿದ್ದಾಗ ಜನ ಹಾ ಅಂದರು. ಪತ್ರಿಕೆಯವಳು ಬೆಂಕಿಯೊಳಗೆ ಬಾಗಿಲು ಬಡಿದಾಗ ಪಕ್ಕದ ಹೆಂಗಸು ಅತ್ತಳು. ನನ್ನ ಸರದಿಗೆ ಯಾರೂ ಅಳಲಿಲ್ಲ. ನಿನ್ನ ಡೋಲಿನವನು ಹೆಜ್ಜೆ ಹಾಕಿಸಿದ. ಎತ್ತು, ನಡೆ. ಆ ಗಾಯಕಿ, ಆಗ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡಿದ್ದವಳು, ‘ಬಗ್ಗಿಸು’ ಅಂದಾಗ ದನಿ ಎತ್ತಲೇ ಇಲ್ಲ. ತಣ್ಣಗೆ ಅಂದಳು. ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರು ಅಂತ ನನಗೆ ಗೊತ್ತು. ಮುಂದಿದ್ದ, ಗಿಡ್ಡಿಯ ಪಾತ್ರದ ಪುಟ್ಟ ಗಾಯಕಿ ಬಿದ್ದು ಶಾಪ ಹಾಡತೊಡಗಿದಳು. ನನ್ನ ಕಿವಿಯ ಹಿಂದೆಯೇ ಅದೇ ಶಾಪ ಶುರುವಾಯಿತು, ಬಿಸಿ ಉಸಿರಿನಲ್ಲಿ, ಒಂದಕ್ಷರ ಬಿಡದೆ. ಹಿಂದಿನ ಸಾಲಿನಿಂದ ಒಬ್ಬ ಜೋರಾಗಿ ಥೂ ಅಂದ. ಇಬ್ಬರು ಎದ್ದು ಹೋದರು. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ನೀನು ಚೆನ್ನಾಗಿ ಬರೆದಿದ್ದೀಯ. ಹೆತ್ತವಳು ಹೇಳುತ್ತಿಲ್ಲ, ಅಲ್ಲಿದ್ದವಳು ಹೇಳುತ್ತಿದ್ದೇನೆ.

ಆಟ ಮುಗಿದು ಜನ ಕೈತಟ್ಟಿ ಹೋದರು. ಏಳಬೇಕೋ ಬೇಡವೋ ತಿಳಿಯಲಿಲ್ಲ. ಊರುಗೋಲಿನ ತುದಿ ನನ್ನ ಬಲ ಭುಜದ ಮೇಲೆ ಬಿತ್ತು. ಗಿಡ್ಡಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಮೂಳೆಗೆ ಕೋಲು ಇಳಿಯುವ ಹಾಗೆ ಒತ್ತಿ ಎದ್ದುನಿಂತಳು. ಇವತ್ತು ಅಲ್ಲಿ ನೀಲಿಗಟ್ಟಿದೆ. ಬಾಯನ್ನು ನನ್ನ ಕಿವಿಗೆ ತಂದಳು. ನಮ್ಮ ಅಂಗಳದವರಿಗೆಲ್ಲ ಕಿವಿ ಅರ್ಧ ಅನ್ನುವುದು ಅವಳಿಗೆ ಮರೆತಿಲ್ಲ.

“ಎತ್ತು,” ಅಂದಳು. ಎದ್ದೆ.

“ನಡೆ,” ಅಂದಳು. ಕುರ್ಚಿಗಳ ಸಾಲು ದಾಟಿ, ನಡುದಾರಿಯಲ್ಲಿ ನಡೆದೆ. ಅವಳ ಕೋಲಿ‌ನ ಸದ್ದು ನೆಲದಲ್ಲಿ ಹಿಂದೆಯೇ ಬರುತ್ತಿತ್ತು. ನನ್ನ ಎರಡೂ ಕಾಲನ್ನು ನೆಲ ತಡವಿ ತಡವಿ ಇಟ್ಟೆ, ಗುಬ್ಬಿ. ಮುಂದಿನ ಹಿಡಿ ಹೀಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಯಾವತ್ತೂ ಹಿಂದೆಯೇ ಇದ್ದವಳು.

ಬಾಗಿಲ ಹತ್ತಿರ “ನಿಲ್ಲು” ಅಂದಳು. ನಿಂತೆ.

‘ಬಗ್ಗಿಸು’ ಅನ್ನುವ ಕೂಗು ಇನ್ನೂ ಬಾಕಿ ಇತ್ತು. ಕಣ್ಣು ಮುಚ್ಚಿ ಕಾದೆ. ಭುಜಕ್ಕೋ ತಲೆಗೋ ಕೋಲು ಬೀಳುತ್ತದೆ, ಬೀಳಲಿ ಅಂತ ಕಾದೆ. ನೆಲ ಸುಮ್ಮನಾಯಿತು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಆ ಎರಡು ಹಲ್ಲಿಲ್ಲದ ಮುದುಕ ಬೀಗ ಹಿಡಿದು ಬಂದು ನನ್ನ ತೋಳು ಮುಟ್ಟಿ, ಕಿವಿಯ ಹತ್ತಿರ ಜೋರಾಗಿ ಹೇಳಿದ:

“ಅವಳು ಆಗಲೇ ಪಕ್ಕದ ಬಾಗಿಲಿಂದ ಹೋದ್ಲು. ನೀನು ಯಾಕೆ ನಿಂತಿದ್ದೀಯ?”

ಕೂಗು ಬಂದಿಲ್ಲ ಅಂದೆ.

ನಿನ್ನ ಅಮ್ಮ